ಅಲ್ಲಿ ರಾಷ್ಟ್ರ, ಇಲ್ಲಿ ರಾಜ್ಯ

ನಮ್ಮ ರಾಯದುರ್ಗದ ಕಡೆ ಎಷ್ಟೋ ಮನೆಗಳಲ್ಲಿ ಒಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು. ಹೋದ ವಾರ ಪಕ್ಕದ ಮನೆಯ ಹುಡುಗಿ ತನ್ನ ತೆಲುಗು ಪಾಠಪುಸ್ತಕ ಹಿಡಿದು ಬಂದಳು. ‘ಅಮೆರಿಕಾ ಸಂಯುಕ್ತ ರಾಷ್ಟ್ರಾಲು’ ಎಂಬಲ್ಲಿ ಬೆರಳಿಟ್ಟು, “ಅಮೆರಿಕ ಒಂದೇ ದೇಶ ಅಲ್ವಾ? ರಾಷ್ಟ್ರಗಳು ಅಂತ ಯಾಕಿದೆ?” ಎಂದಳು.

ಹುಡುಗಿ ತಪ್ಪು ಕೇಳಲಿಲ್ಲ. ಮನೆಯಲ್ಲಿ ಕಲಿತ ಕನ್ನಡದಲ್ಲಿ ರಾಷ್ಟ್ರವೆಂದರೆ ದೇಶ. ತೆಲುಗಿನ ‘ರಾಷ್ಟ್ರಂ’ ನಮ್ಮ ರಾಜ್ಯ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಹಂಚಿಹೋದಾಗ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಸೇರಿದ್ದು ಕನ್ನಡದ ಮಾತಿನಲ್ಲಿ ಆಂಧ್ರ ರಾಜ್ಯಕ್ಕೆ, ತೆಲುಗಿನ ಮಾತಿನಲ್ಲಿ ‘ಆಂಧ್ರ ರಾಷ್ಟ್ರಂ’ಗೆ. ಆ ಲೆಕ್ಕದಲ್ಲಿ ಅಮೆರಿಕದ 50 ರಾಜ್ಯಗಳು ‘ರಾಷ್ಟ್ರಾಲು’ ಆಗಲೇಬೇಕು. ನಾವು ವಿಶ್ವಸಂಸ್ಥೆ ಎನ್ನುವುದು ಅವರಿಗೆ ‘ಐಕ್ಯರಾಜ್ಯ ಸಮಿತಿ’. ದೇಶಗಳ ಒಕ್ಕೂಟದ ಹೆಸರಲ್ಲಿ ರಾಜ್ಯ, ರಾಜ್ಯಗಳ ಒಕ್ಕೂಟದ ಹೆಸರಲ್ಲಿ ರಾಷ್ಟ್ರ! ಎರಡೂ ಸಂಸ್ಕೃತದಿಂದ ಬಂದ ಪದಗಳೇ. ಆದರೆ ಒಂದೊಂದು ಭಾಷೆಯಲ್ಲಿ ಒಂದೊಂದು ರೀತಿ ಬೇರುಬಿಟ್ಟಿವೆ.

ಭೂಪಟದ ನೀಲಿ ಭಾಗಕ್ಕೆ ಬಂದರೆ ತೆಲುಗಿನವರು ನನಗೆ ಇನ್ನಷ್ಟು ಇಷ್ಟವಾಗುತ್ತಾರೆ. ನಾವು ಮೆಡಿಟರೇನಿಯನ್ ಎಂದು ಹಾಗೇ ಉಳಿಸಿಕೊಂಡ ಸಮುದ್ರ ಅವರಿಗೆ ‘ಮಧ್ಯಧರಾ ಸಮುದ್ರಂ’. ಲ್ಯಾಟಿನ್ ಹೆಸರಿನಲ್ಲಿರುವುದೂ ನಡು ಮತ್ತು ನೆಲವೇ. ಯುರೋಪು, ಆಫ್ರಿಕಾ, ಏಷ್ಯಾಗಳ ನಡುವೆ ಆ ನೀರು ಇರುವುದನ್ನು ಹೆಸರೇ ಮಗುವಿಗೆ ತೋರಿಸಿಕೊಡುತ್ತದೆ. ಕೆಂಪು ಸಮುದ್ರ ‘ಎರ್ರ ಸಮುದ್ರಂ’, ಕಪ್ಪು ಸಮುದ್ರ ‘ನಲ್ಲ ಸಮುದ್ರಂ’. ‘ಬಂಗಾಳಾಖಾತಂ’ ಎದುರು ನಮ್ಮ ಬಂಗಾಳ ಕೊಲ್ಲಿ ನಿಂತಾಗ ಮಾತ್ರ ಅಚ್ಚ ದೇಸಿ ಪದದ ಹೆಮ್ಮೆ ನಮ್ಮದು.

ಹಾಗೆಂದು ಎಲ್ಲವನ್ನೂ ಅನುವಾದಿಸಲಾಗದು. ಪಶ್ಚಿಮ ಆಫ್ರಿಕಾದ ಕೋತ್ ದಿವಾರ್ ಸರ್ಕಾರ ತನ್ನ ಹೆಸರನ್ನು ಯಾವ ಭಾಷೆಗೂ ಅನುವಾದಿಸಬೇಡಿ ಎಂದು 1980ರ ದಶಕದಲ್ಲೇ ಕೇಳಿಕೊಂಡಿತು. ನಾವು ಅದನ್ನು ‘ದಂತತೀರ’ ಎಂದರೆ ಅರ್ಥ ಸಿಗುತ್ತದೆ, ಆ ಜನರ ಮಾತಿಗೆ ಬೆಲೆ ಸಿಗುವುದಿಲ್ಲ. ಸಮುದ್ರ, ರಾಜ್ಯ, ಒಕ್ಕೂಟಗಳಂಥ ವಿವರಣೆಯ ಪದ ನಮ್ಮ ಭಾಷೆಯದಾಗಲಿ. ಜನ ತಮಗೆ ತಾವೇ ಇಟ್ಟುಕೊಂಡ ಹೆಸರು ಅವರದ್ದಾಗಿಯೇ ಉಳಿಯಲಿ.

ಪರದೇಶಕ್ಕೆ ಹೆಸರಿಡುವ ಕೆಲಸವನ್ನು ನಮ್ಮ ಹಿರಿಯರು ಸಂತೆಯಲ್ಲೇ ಮಾಡಿದ್ದರು. ಮೆಕ್ಸಿಕೊ ಕಡೆಯಿಂದ ಬಂದ ತರಕಾರಿ ಕನ್ನಡದಲ್ಲಿ ಸೀಮೆಬದನೆ, ತೆಲುಗಿನಲ್ಲಿ ‘ಸೀಮವಂಕಾಯ’. ಸೀಮೆ ಎಂದರೆ ಗಡಿ, ಸೀಮೆ ಎಂದರೆ ನಾಡು, ಸೀಮೆ ಎಂದರೆ ಗಡಿಯಾಚೆಯ ದೂರದೇಶವೂ ಹೌದು. ರಾಯಲಸೀಮೆಯಲ್ಲಿ ಕೂತು ಈ ಪದ ಆಡುವಾಗ ಮೂರೂ ಅರ್ಥ ಒಟ್ಟಿಗೆ ಕೇಳಿಸುತ್ತವೆ.

ಗಡಿಶಾಲೆಗಳ ಮೇಷ್ಟ್ರುಗಳಲ್ಲಿ ನನ್ನದೊಂದು ಬೇಡಿಕೆ. ಭೂಪಟ ತೂಗುಹಾಕಿದ ದಿನ ‘ರಾಷ್ಟ್ರಂ’ ಪಕ್ಕದಲ್ಲಿ ‘ರಾಜ್ಯ’ ಎಂದೂ ಬರೆಯಿರಿ. ಮನೆಯ ಅರ್ಥ ತಪ್ಪು, ಶಾಲೆಯದು ಸರಿ ಎಂದು ಯಾವ ಮಗುವೂ ತಿಳಿಯದಿರಲಿ. ಎರಡೂ ಸರಿ.