ಟಿ. ನರಸೀಪುರದಿಂದ ಅಕ್ಕನಿಗೆ

ಟಿ. ನರಸೀಪುರ
ಏಪ್ರಿಲ್ ಕೊನೆಯ ವಾರ

ಪ್ರೀತಿಯ ಅಕ್ಕನಿಗೆ,

ನಂಜನಗೂಡಿನ ಬೇಸ್‌ಬಾಲ್ ಶಿಬಿರ ಮುಗಿಸಿ ನಿನ್ನೆ ಇಲ್ಲಿಗೆ ಬಂದೆ. ಕಪಿಲೆ ಕಾವೇರಿಯನ್ನು ಸೇರುವ ಊರಾದರೂ ಒಂಬತ್ತು ಗಂಟೆಯ ಮೇಲೆ ಬಿಸಿಲಿಗೆ ನಿಲ್ಲಲಾಗದು. ಅದಕ್ಕೇ ಆರಕ್ಕೆಲ್ಲ ಮಕ್ಕಳು ಮೈದಾನದಲ್ಲಿರುತ್ತಾರೆ.

ಕ್ರಿಕೆಟ್ ಆಡಿ ಬೆಳೆದವರು. ಬೇಸ್‌ಬಾಲ್‌ನಲ್ಲೂ ಹೊಡೆದ ಕೂಡಲೇ ಬ್ಯಾಟು ಹಿಡಿದುಕೊಂಡೇ ಓಡುತ್ತಾರೆ. ಅದನ್ನು ಬಿಟ್ಟು ಓಡಬೇಕೆಂದು ದಿನವೂ ಕೂಗಬೇಕು. ಆದರೆ ಬೇಸ್ ಮುಟ್ಟಲು ಮಣ್ಣಿಗೆ ಮೈಚೆಲ್ಲಿ ಜಾರುವುದನ್ನು ನಾನು ಕಲಿಸಬೇಕಾಗಿಯೇ ಇಲ್ಲ. ಖೊ-ಖೊ ಆಡಿದ ಮೈ ಅದು! 2025ರ ಜನವರಿಯಲ್ಲಿ ದೆಹಲಿಯಲ್ಲಿ ನೇಪಾಳವನ್ನು 78–40ರಿಂದ ಸೋಲಿಸಿ ಮೊದಲ ಖೊ-ಖೊ ವಿಶ್ವಕಪ್ ಗೆದ್ದ ನಮ್ಮ ಮಹಿಳಾ ತಂಡದಲ್ಲಿ ಇದೇ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರಲ್ಲ, ಇಲ್ಲಿಯ ಹುಡುಗಿಯರ ಬಾಯಲ್ಲಿ ಆ ಹೆಸರೇ.

ಸುವಾರ್ತೆ ಹೇಳ್ತೀಯಾ ಇಲ್ವಾ ಎಂದು ನೀನು ಫೋನಿನಲ್ಲಿ ಕೇಳಿದ್ದೆ. ನಂಜನಗೂಡಿನಲ್ಲಿ ಒಬ್ಬ ತಂದೆಯೂ ಅದನ್ನೇ ಕೇಳಿದರು: "ಮೇಷ್ಟ್ರೇ, ಆಟದ ಜೊತೆ ನಿಮ್ಮ ಧರ್ಮಾನೂ ಹೇಳ್ಕೊಡ್ತೀರಾ?" 2022ರಲ್ಲಿ ಮತಾಂತರ ತಡೆ ಕಾಯಿದೆ ಬಂದ ಮೇಲೆ ಜನ ಹೀಗೆ ಕೇಳುವುದು ಹೆಚ್ಚಾಗಿದೆ. "ನಾನು ಕ್ರೈಸ್ತ. ಇಲ್ಲಿ ಆಟ ಮಾತ್ರ ಕಲಿಸ್ತೀನಿ. ಮಗ ಏನಾದ್ರೂ ಕೇಳಿದ್ರೆ ನಿಮ್ಮ ಮುಂದೇನೇ ಹೇಳ್ತೀನಿ" ಎಂದೆ. ಕಾಯಿದೆಗೆ ಹೆದರಿ ಆಡಿದ ಮಾತಲ್ಲ ಅಕ್ಕ. ಶ್ರೀಕಂಠೇಶ್ವರನ ಗುಡಿಗೆ ಹೋಗಿ ಹಣೆಗೆ ವಿಭೂತಿ ಇಟ್ಟುಕೊಂಡು ಬರುವ ಮಗುವನ್ನು ತಾಯಿ ನನಗೆ ಒಪ್ಪಿಸಿರುವುದು ಆಟಕ್ಕೆ. ಆ ನಂಬಿಕೆಯನ್ನು ಗಾಳಕ್ಕೆ ಎರೆ ಮಾಡಿದರೆ ಸ್ವಾಮಿಗೆ ಯಾವ ಮುಖ ತೋರಿಸಲಿ?

ಕ್ರೈಸ್ತ ಸಂಸ್ಥೆ ವೈ.ಎಂ.ಸಿ.ಎ.ಯ, ನಾನು ಓದಿದ ಮದರಾಸಿನ ದೈಹಿಕ ಶಿಕ್ಷಣ ಕಾಲೇಜನ್ನು 1920ರಲ್ಲಿ ಕಟ್ಟಿದವರು ಹ್ಯಾರಿ ಕ್ರೋ ಬಕ್. 1924ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ನಮ್ಮ ದೇಶದ ತಂಡದ ಜೊತೆ ಹೋದವರೂ ಅವರೇ. ಇಲ್ಲಿ ಊರೂರಲ್ಲೂ ಸಂಜೆ ಆಡುವ ವಾಲಿಬಾಲ್ ಕೂಡ 1895ರಲ್ಲಿ ಅಮೆರಿಕದ ವೈ.ಎಂ.ಸಿ.ಎ.ಯ ವಿಲಿಯಂ ಮಾರ್ಗನ್ ಹುಟ್ಟಿಸಿದ ಆಟ. ಆಡುವವರಿಂದ ಅದು ಯಾವ ಪ್ರತಿಫಲವನ್ನೂ ಕೇಳಿಲ್ಲ. ಬೇಸ್‌ಬಾಲನ್ನೂ ಹಾಗೇ ಕೊಟ್ಟು ಹೋಗಬೇಕೆಂದು ನನ್ನಾಸೆ.

ಹಾಗೆಂದು ಬಾಯಿ ಹೊಲಿದುಕೊಂಡೂ ಇಲ್ಲ. ನಂಜನಗೂಡಿನಲ್ಲಿ ಒಂದು ದಿನ ಬಂಟ್ ಕಲಿಸುತ್ತಿದ್ದೆ. ಬೀಸಿ ಹೊಡೆಯದೆ ಚೆಂಡನ್ನು ಮೆಲ್ಲನೆ ತಡೆದು ಮುಂದೆ ಬೀಳಿಸುವುದು; ಹೊಡೆದವಳು ಔಟಾಗುತ್ತಾಳೆ, ಬೇಸ್‌ನಲ್ಲಿದ್ದವಳು ಮುಂದಿನ ಬೇಸ್ ಸೇರುತ್ತಾಳೆ. ಏಳನೆಯ ತರಗತಿಯ ಹುಡುಗಿಯೊಬ್ಬಳು ಸೊಂಟಕ್ಕೆ ಕೈಕೊಟ್ಟು ನಿಂತಳು: "ನಾನ್ ಔಟಾಗಿ ಅವಳು ಮುಂದಕ್ಕೋದ್ರೆ ನಂಗೇನ್ ಸಿಕ್ತು ಸಾರ್?" ಸ್ಕೋರ್ ಪುಸ್ತಕದಲ್ಲಿ ಆ ಔಟನ್ನು ನಿನ್ನ ಸರಾಸರಿಗೆ ಲೆಕ್ಕ ಹಿಡಿಯುವುದಿಲ್ಲ ಎಂದೆ. ಅವಳಿಗೆ ಸಾಲಲಿಲ್ಲ. ಆಟ ಮುಗಿದ ಮೇಲೆ, ಕರೆದೊಯ್ಯಲು ಬಂದ ಅಜ್ಜಿಯ ಎದುರಿಗೇ ಮತ್ತೆ ಕೇಳಿದಳು: "ನಿಜವಾಗ್ಲೂ ಹಂಗೆ ಯಾರಾದ್ರೂ ಮಾಡ್ತಾರಾ ಸಾರ್?"

ಅಜ್ಜಿಯ ಒಪ್ಪಿಗೆ ಕೇಳಿ ಹೇಳಿದೆ. ಯೇಸುಸ್ವಾಮಿ ನನಗೋಸ್ಕರ ಪ್ರಾಣ ಕೊಟ್ಟರೆಂದು ನಂಬಿದ್ದೇನೆ, ಆ ಋಣಕ್ಕೇ ಬಿಸಿಲಲ್ಲಿ ಬಂದು ನಿಲ್ಲುವುದು ಎಂದೆ. ಅಜ್ಜಿ ಕೂಡಲೇ, "ನಮ್ಮ ನಂಜುಂಡಪ್ಪನೂ ಲೋಕಕ್ಕೋಸ್ಕರ ನಂಜು ಕುಡ್ದವ್ನೇ ಕಣಪ್ಪಾ" ಎಂದರು. ಎರಡೂ ಒಂದೇ ಎಂದು ತಲೆಯಾಡಿಸಲಿಲ್ಲ. ಹಾಗೆ ಮಾಡಿದ್ದರೆ ಇಬ್ಬರಿಗೂ ಸುಳ್ಳು ಹೇಳಿದಂತೆ. ವಾದಕ್ಕೂ ಇಳಿಯಲಿಲ್ಲ. ಆ ಕತೆ ಪೂರ್ತಿ ಹೇಳಿ ಅಜ್ಜಿ ಎಂದೆ. ಹೇಳಿದರು, ಬಹಳ ಚೆನ್ನಾಗಿ. ಮಾರನೆಯ ದಿನ ಹುಡುಗಿ ಬಂಟ್ ಮಾಡಿ ಔಟಾಗಿ, ಗೆಳತಿ ಬೇಸ್ ಮುಟ್ಟಿದ್ದಕ್ಕೆ ಎಲ್ಲರಿಗಿಂತ ಜೋರಾಗಿ ಕೂಗಿದಳು.

ಇಲ್ಲಿಯ ತಂಡದಲ್ಲಿ ಒಬ್ಬ ಹುಡುಗ ಎಡಚ. ಎಸೆತ ನೋಡಬೇಕು ನೀನು! ಅವನಿಗೆ ಬಲಗೈಗೆ ಹಾಕುವ ಗ್ಲೌಸ್ ಬೇಕು. ನನ್ನ ಹತ್ತಿರ ಇರುವುದೆಲ್ಲ ಎಡಗೈಯವು. ಭಾವ ಬೆಂಗಳೂರಿಗೆ ಹೋದಾಗ ಒಂದು ಕೊಂಡು ಮೈಸೂರಿನ ಮನೆಗೆ ಕಳಿಸಲು ಹೇಳು, ಬಂದು ತೆಗೆದುಕೊಂಡು ಹೋಗುತ್ತೇನೆ.

ನಿನ್ನ ತಮ್ಮ