ಅರ್ಧಕ್ಕೆ ಬಿಡುವ ಹಕ್ಕು

ಕೇಂದ್ರ ಸರ್ಕಾರದ ನೌಕರನಾದ ನನ್ನ ಮನೆಯ ಸಾಮಾನಿನಲ್ಲಿ ಅತಿ ಭಾರವಾದದ್ದು ಪುಸ್ತಕಗಳ ಟ್ರಂಕು. ನಾಗಪುರದಿಂದ ದೆಹಲಿಗೆ ವರ್ಗವಾದಾಗ ಅದನ್ನು ಲಾರಿಯಿಂದ ಇಳಿಸುತ್ತಿದ್ದ ಹಮಾಲಿ, ಇದರಲ್ಲಿ ಅಂಥದ್ದೇನಿದೆ ಎಂದು ಕೇಳಿದ. ಪಕ್ಕದಲ್ಲಿದ್ದ ಮಗ, "ಅಪ್ಪನ ಕನ್ನಡ" ಎಂದು ಹಿಂದಿಯಲ್ಲಿ ಉತ್ತರಿಸಿದ. ಅವನಿಗಾಗ ಒಂಬತ್ತು ವರ್ಷ. ನಮ್ಮ ಕನ್ನಡವೆನ್ನದೆ ಅಪ್ಪನ ಕನ್ನಡವೆಂದದ್ದು ನನ್ನನ್ನು ಬಹುದಿನ ಕಾಡಿತು.

ಮನೆಯಲ್ಲಿ ಅವನು ಆಡುವುದು ಕನ್ನಡವನ್ನೇ. ಅಮ್ಮನಿಂದ ಅಕ್ಷರಗಳನ್ನೂ ಕಲಿತಿದ್ದ. ಆದರೆ ಪಠ್ಯದ ಹೊರಗಿನ ಪುಸ್ತಕ ಯಾವ ಭಾಷೆಯದಾದರೂ ಬೇಡವಾಗಿತ್ತು. ಪ್ರತಿ ಬೇಸಿಗೆಯಲ್ಲೂ ನಾನು ಊರಿನಿಂದ ಮಕ್ಕಳ ಪುಸ್ತಕಗಳನ್ನು ಕೊಂಡು ತರುತ್ತಿದ್ದೆ. ಎರಡು ಪುಟ ತಿರುವಿ ಕೆಳಗಿಟ್ಟರೆ, "ದುಡ್ಡು ಕೊಟ್ಟು ತಂದದ್ದು, ಮುಗಿಸು" ಎನ್ನುತ್ತಿದ್ದೆ. ಮನೆಗೆ ಬಂದವರೆದುರು ಓದಿಸಿ, ತಪ್ಪಿದಲ್ಲೆಲ್ಲ ತಿದ್ದಿ, ಅವನ ಕಣ್ಣಲ್ಲಿ ನೀರು ತರಿಸಿದ್ದೂ ಉಂಟು.

ಕಡೆಗೆ ಉಚಿತ ಇ-ಪುಸ್ತಕಗಳತ್ತ ತಿರುಗಿದೆ. ಇಂಗ್ಲಿಷ್ ಎಂ.ಎ. ಮಾಡಿದವನ ಚಪಲ ಮೊದಲು ಒಯ್ದದ್ದು ಪ್ರಾಜೆಕ್ಟ್ ಗುಟೆನ್‌ಬರ್ಗ್‌ಗೆ. 1971ರಲ್ಲಿ ಅಮೆರಿಕದ ಮೈಕೇಲ್ ಹಾರ್ಟ್ ಆರಂಭಿಸಿದ ಆ ಭಂಡಾರದಲ್ಲಿ ಇಂದು 70,000ಕ್ಕೂ ಹೆಚ್ಚು ಪುಸ್ತಕಗಳಿವೆ. ಒಂದೇ ರಾತ್ರಿಯಲ್ಲಿ ನಲವತ್ತನ್ನು ಟ್ಯಾಬ್ಲೆಟ್‌ಗೆ ಇಳಿಸಿದೆ. 1883ರಲ್ಲಿ ಪ್ರಕಟವಾದ 'ಟ್ರೆಷರ್ ಐಲ್ಯಾಂಡ್' ಅವನಿಗೆ ಮೂರು ಪುಟವೂ ಸಾಗಲಿಲ್ಲ. ತಪ್ಪು ಅವನದಲ್ಲ, ನನ್ನ ಇಷ್ಟದ ಪಟ್ಟಿಯನ್ನು ಅವನ ಮೇಲೆ ಹೊರಿಸಿದ್ದೆ. ಉಚಿತವಾಗಿ ಸಿಕ್ಕಿತೆಂದು ಇನ್ನೊಂದು ಟ್ರಂಕು ಕಟ್ಟಿದ್ದೆ, ಅಷ್ಟೆ.

ಆಮೇಲೆ ಕಂಡದ್ದು ಸ್ಟೋರಿವೀವರ್. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಈ ತಾಣದಲ್ಲಿ ಮಕ್ಕಳ ಕಥೆಗಳು ಮುಕ್ತ ಪರವಾನಗಿಯಲ್ಲಿ ದೊರೆಯುತ್ತವೆ. ಓದುವ ಶಕ್ತಿಗೆ ತಕ್ಕಂತೆ ನಾಲ್ಕು ಹಂತಗಳಿವೆ. ಮೊದಲ ಹಂತದಲ್ಲಿ ಪುಟಕ್ಕೆ ಒಂದೆರಡು ಸಣ್ಣ ವಾಕ್ಯಗಳಷ್ಟೆ. ಒಂದೇ ಕಥೆ ಅವೇ ಚಿತ್ರಗಳೊಡನೆ ಹಲವು ಭಾಷೆಗಳಲ್ಲಿ ಇರುವುದುಂಟು. ಈ ಬಾರಿ ನಾನು ಆರಿಸಲಿಲ್ಲ. ಕರಾರೊಂದನ್ನು ನನಗೆ ನಾನೇ ವಿಧಿಸಿಕೊಂಡೆ: ಬೇಸರವಾದರೆ ಅವನು ಬಿಡಬಹುದು, ಏಕೆಂದು ನಾನು ಕೇಳಕೂಡದು.

ಮೊದಲ ಸಂಜೆ ಆರು ಕಥೆಗಳನ್ನು ಬಿಟ್ಟ. ಏಳನೆಯದು ರೋಹಿಣಿ ನಿಲೇಕಣಿಯವರದು. ವರ್ಷಕ್ಕೊಮ್ಮೆ ಕೂದಲು ಕತ್ತರಿಸಿಕೊಳ್ಳಲು ಹೊರಟ ಶೃಂಗೇರಿ ಶ್ರೀನಿವಾಸನಿಗೆ ಯಾರಲ್ಲೂ ಪುರುಸೊತ್ತು ಸಿಗದ ಕಥೆ. ಕ್ಷೌರವೆಂದರೆ ಓಡುವ ನನ್ನ ಮಗ ಅದನ್ನು ಹಿಂದಿಯಲ್ಲಿ ಓದಿ ಬಿದ್ದುಬಿದ್ದು ನಕ್ಕ. ಬಳಿಕ, "ಇದನ್ನು ಅಜ್ಜಿಗೆ ಓದಿ ಹೇಳಬೇಕು, ಆದರೆ ಅವರಿಗೆ ಹಿಂದಿ ಬರುವುದಿಲ್ಲವಲ್ಲ" ಎಂದ.

ಸಾಗರದಲ್ಲಿರುವ ನನ್ನ ತಾಯಿಗೆ ಕನ್ನಡವಲ್ಲದೆ ಬೇರೆ ಭಾಷೆ ತಿಳಿಯದು. ಟ್ಯಾಬ್ಲೆಟ್‌ನಲ್ಲಿ ಹಿಂದಿಯನ್ನೂ ನನ್ನ ಫೋನಿನಲ್ಲಿ ಕನ್ನಡವನ್ನೂ ತೆರೆದು ಅಕ್ಕಪಕ್ಕ ಇಟ್ಟುಕೊಂಡ. 'ಶೃಂ' ಎಂಬಲ್ಲೇ ತಡೆದು, ದೇವನಾಗರಿಯನ್ನು ನೋಡಿ ಮುಂದೆ ಸಾಗಿದ. ಹಿಂದಿಯ ಅರ್ಧಾಕ್ಷರ ಹೆಚ್ಚಾಗಿ ಪಕ್ಕದಲ್ಲಿ ನಿಂತರೆ ಕನ್ನಡದ ಒತ್ತಕ್ಷರ ಕೆಳಗೆ ಕೂರುತ್ತದೆ. ಸರ್ಕಾರಿ ವಸತಿಗೃಹಗಳಲ್ಲೇ ಬೆಳೆದವನು ಅವಕ್ಕೆ 'ನೆಲಮಹಡಿಯವರು' ಎಂದು ಹೆಸರಿಟ್ಟ.

ಭಾನುವಾರ ವಿಡಿಯೋ ಕರೆಯಲ್ಲಿ ಓದಿದ. ಚಿಕ್ಕ ಕಥೆಗೆ ಇಪ್ಪತ್ತು ನಿಮಿಷ ಹಿಡಿಯಿತು. ಎರಡು ಕಡೆ ತಪ್ಪಿದ. ತಿದ್ದಲು ಬಾಯಿ ತೆರೆದ ನನ್ನ ಕೈಯನ್ನು ಹೆಂಡತಿ ಅದುಮಿದಳು. ಅಮ್ಮ, "ಶೃಂಗೇರಿಯವನಾ? ಹಾಗಾದ್ರೆ ನಮ್ಮ ಕಡೆಯವನೇ ಅನ್ನು! ಮುಂದಿನ ಭಾನುವಾರ ಯಾವ ಕಥೆ ಮಗಾ?" ಎಂದರು. ಮುಂದಿನದನ್ನು ಹುಡುಕುವ ಹೊಣೆ ಅಂದಿನಿಂದ ಅವನದಾಯಿತು.

ಉಚಿತವೆಂದು ಕೈಗೆ ಬಂದದ್ದೆಲ್ಲ ಉಚಿತವಲ್ಲ. ಬದುಕಿರುವ ಲೇಖಕರ ಪುಸ್ತಕಗಳನ್ನು ಅನುಮತಿಯಿಲ್ಲದೆ ಸ್ಕ್ಯಾನ್ ಮಾಡಿ ಹಂಚುವುದು ಕಳ್ಳತನವೇ. ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡು 60 ವರ್ಷಗಳವರೆಗೆ ಹಕ್ಕುಸ್ವಾಮ್ಯವಿರುತ್ತದೆ. 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರ ಕಥೆಗಳು ಇಂದು ಎಲ್ಲರವು. ಇತ್ತೀಚಿನವರನ್ನು ಕೊಂಡೇ ಓದಬೇಕು.

ಮಗನಿಗೀಗ ಹನ್ನೊಂದು. ಮುಗಿಸಿದ್ದಕ್ಕಿಂತ ಬಿಟ್ಟದ್ದೇ ಹೆಚ್ಚು. ಕಳೆದ ಬೇಸಿಗೆಯಲ್ಲಿ ಸಾಗರದ ಅಂಗಡಿಯೊಂದರಲ್ಲಿ ತಾನೇ ಒಂದು ಕನ್ನಡ ಪುಸ್ತಕವನ್ನು ಎತ್ತಿಕೊಂಡು, "ಇದನ್ನು ಕೊಂಡರೆ ಮುಗಿಸಲೇಬೇಕಾ ಅಪ್ಪ?" ಎಂದು ಕೇಳಿದ. ಬೇಕಿಲ್ಲ ಎಂದೆ. ರೈಲು ಭೋಪಾಲ ದಾಟುವ ಹೊತ್ತಿಗೆ ಅದನ್ನು ಅರ್ಧಕ್ಕೆ ಬಿಟ್ಟು ಕಿಟಕಿಯತ್ತ ತಿರುಗಿದ. ಉಳಿದರ್ಧವನ್ನು ನಾನು ಓದಿದೆ.