ಬಟ್ಟೆಯೊಳಗಿನ ಪಾದ

ಕಳೆದ ಮಳೆಗಾಲದಲ್ಲಿ ನಮ್ಮ ಧರ್ಮಕೇಂದ್ರದ ಬಾಣಂತಿಯೊಬ್ಬಳನ್ನು ನೋಡಿ, ಮಗುವನ್ನು ಆಶೀರ್ವದಿಸಲು ಹೆರಿಗೆ ಆಸ್ಪತ್ರೆಗೆ ಹೋಗಿದ್ದೆವು. ಅಜ್ಜಿ ಮಗುವನ್ನು ಎತ್ತಿ ತೋರಿಸಿದರು. ಸೊಂಟದಿಂದ ಕೆಳಗೆ ಬಟ್ಟೆ ಬಿಗಿಯಾಗಿ ಸುತ್ತಿತ್ತು. ಅದನ್ನು ಸರಿಸಿದವಳು ತಾಯಿಯೇ. ಎಡಪಾದ ಒಳಕ್ಕೆ ತಿರುಚಿಕೊಂಡಿತ್ತು.

"ಗ್ರಹಣದ ದಿನ ಹೊರಗೆ ಬರಬೇಡವೆಂದಿದ್ದೆ ಫಾದರ್, ಕೇಳಲಿಲ್ಲ" ಎಂದರು ಅಜ್ಜಿ. ತಾಯಿ ಮಾತ್ರ ಮೆಲ್ಲಗೆ, "ನಾವು ಯಾರಿಗೇನು ಮಾಡಿದ್ದೆವು ಫಾದರ್?" ಎಂದಳು.

ಹುಟ್ಟುಕುರುಡನನ್ನು ಕಂಡ ಶಿಷ್ಯರೂ ಪ್ರಭು ಯೇಸುವನ್ನು ಕೇಳಿದ್ದು ಇದನ್ನೇ, ಪಾಪ ಯಾರದೆಂದು. ಅವನದೂ ಅಲ್ಲ, ಹೆತ್ತವರದೂ ಅಲ್ಲವೆಂದರು ಪ್ರಭು. ಸೆಮಿನರಿಯಲ್ಲಿ ಈ ಭಾಗದ ಮೇಲೆ ಪರೀಕ್ಷೆ ಬರೆದವರು ನಾವು. ಆ ಮಂಚದ ಬಳಿ ಬಾಯಿಗೆ ಮಾತು ಬರಲಿಲ್ಲ.

ಮಾತಾಡಿದವರು ಮಕ್ಕಳ ಡಾಕ್ಟರು. ಸಾವಿರ ಶಿಶುಗಳಲ್ಲಿ ಸುಮಾರು ಒಂದಕ್ಕೆ ಪಾದ ಹೀಗಿರುತ್ತದಂತೆ. ವಾರಕ್ಕೊಮ್ಮೆ ಮೃದುವಾಗಿ ತಿರುಗಿಸಿ ಪ್ಲಾಸ್ಟರ್ ಹಾಕುತ್ತಾ ಹೋದರೆ, ಬಳಿಕ ಕೆಲವು ವರ್ಷ ರಾತ್ರಿ ವಿಶೇಷ ಬೂಟು ತೊಡಿಸಿದರೆ, ಹೆಚ್ಚಿನ ಮಕ್ಕಳು ಎಲ್ಲರಂತೆ ಓಡುತ್ತಾರೆ. ಬೇಗ ತೊಡಗಬೇಕು, ಅಷ್ಟೆ. ಮುಚ್ಚಿಟ್ಟರೆ ಹೋಗುವುದು ಆ ಸಮಯವೇ.

ನೂರು ಶಿಶುಗಳಲ್ಲಿ ಸುಮಾರು ಮೂರು ಯಾವುದಾದರೊಂದು ದೊಡ್ಡ ನ್ಯೂನತೆಯೊಂದಿಗೆ ಹುಟ್ಟುತ್ತವೆ. ಹೃದಯದ ದೋಷವೇ ನೂರಕ್ಕೆ ಹೆಚ್ಚುಕಡಿಮೆ ಒಂದು. ಅದು ಹುಟ್ಟಿದ ದಿನ ಕಾಣದೆಯೂ ಇರಬಹುದು. ನಮ್ಮ ಕಾಸರಗೋಡಿನಲ್ಲಿ ಇಂಥ ಮಾತೆತ್ತಿದರೆ ಎಂಡೋಸಲ್ಫಾನ್ ನೆನಪಾಗುತ್ತದೆ. ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಆ ವಿಷವನ್ನು ಸುಪ್ರೀಂ ಕೋರ್ಟು 2011ರಲ್ಲಿ ತಡೆಯಿತು. ಆ ಮನೆಗಳ ನೋವನ್ನು ಮರೆಯುವಂತಿಲ್ಲ. ಆದರೆ ವಿಷ ಬೀಳದ ಊರುಗಳಲ್ಲೂ ಇಂಥ ಮಕ್ಕಳು ಹುಟ್ಟುತ್ತಾರೆ. ಎಷ್ಟೋ ಸಲ ಕಾರಣ ಡಾಕ್ಟರರಿಗೂ ಸಿಗುವುದಿಲ್ಲ. ಗ್ರಹಣವಂತೂ ಕಾರಣವಲ್ಲ.

ಕೆಲವನ್ನು ತಡೆಯಬಹುದು. ಮಿದುಳು, ಬೆನ್ನುಹುರಿ ರೂಪುಗೊಳ್ಳುವ ನಾಳ ಗರ್ಭ ನಿಂತ ನಾಲ್ಕು ವಾರದೊಳಗೇ ಮುಚ್ಚಿಕೊಳ್ಳಬೇಕು. ತಾಯಿಗೆ ಆಗ ಬಸುರಿಯೆಂದೇ ತಿಳಿದಿರುವುದಿಲ್ಲ. ಹಿಂದೆ ಅಂಥ ಮಗು ಹುಟ್ಟಿದ್ದ ತಾಯಂದಿರು ಗರ್ಭಕ್ಕೆ ಮೊದಲೇ ಫೋಲಿಕ್ ಆಸಿಡ್ ಮಾತ್ರೆ ತೆಗೆದುಕೊಂಡರೆ, ಮತ್ತೆ ಹಾಗಾಗುವ ಸಂಭವ ನಾಲ್ಕರಲ್ಲಿ ಸುಮಾರು ಮೂರು ಪಾಲು ತಗ್ಗುತ್ತದೆಂದು 1991ರಲ್ಲೇ ಬ್ರಿಟನ್ನಿನ ಸಂಶೋಧಕರು ತೋರಿಸಿದರು. ಮಗು ಬೇಕೆಂದುಕೊಂಡ ಹೆಣ್ಣುಮಕ್ಕಳೆಲ್ಲ ದಿನಕ್ಕೆ 400 ಮೈಕ್ರೋಗ್ರಾಂ ತೆಗೆದುಕೊಳ್ಳಬೇಕೆಂಬುದು ಇಂದಿನ ಸಲಹೆ; ಹಿಂದೆ ಅಂಥ ಮಗು ಹುಟ್ಟಿದ್ದರೆ ಹೆಚ್ಚು ಬೇಕು, ಡಾಕ್ಟರರನ್ನೇ ಕೇಳಬೇಕು. ಮದುವೆ ತಯಾರಿ ಶಿಬಿರಗಳಲ್ಲಿ ಗಂಟೆಗಟ್ಟಲೆ ಮಾತಾಡಿದ ನಾವು ಈ ಮಾತ್ರೆಯ ಸುದ್ದಿ ಒಮ್ಮೆಯೂ ಎತ್ತಿರಲಿಲ್ಲ. ಈ ವರ್ಷ ಒಬ್ಬ ನರ್ಸ್ ಸಿಸ್ಟರನ್ನು ಕರೆಸಿದ್ದೇವೆ.

ದೀಕ್ಷಾಸ್ನಾನಕ್ಕೆ ಮಗು ಪ್ಲಾಸ್ಟರ್ ಕಾಲಿನಲ್ಲೇ ಬಂತು. ಅಜ್ಜಿ ಬಟ್ಟೆ ಹೊದಿಸಿರಲಿಲ್ಲ. ಪೂಜೆ ಮುಗಿದ ಮೇಲೆ ಅವರ ಪಕ್ಕದ ಮನೆಯ ತಾಯಿಯೊಬ್ಬರು ಹತ್ತಿರ ಬಂದು, "ನಮ್ಮ ಮಗಳಿಗೆ ಎಂಟು ತಿಂಗಳಿರುವಾಗ ಹೃದಯದ ಆಪರೇಷನ್ ಆಗಿತ್ತು ಅಜ್ಜಿ. ಆಗ ನೆಂಟರ ಮನೆಗೆ ಹೋಗಿದ್ದೆವೆಂದು ಹೇಳಿದ್ದೆವು" ಎಂದರು. ಆ ಹುಡುಗಿ ಅಷ್ಟರಲ್ಲಿ ಅಂಗಳದಲ್ಲಿ ಓಡುತ್ತಿದ್ದಳು.